ಯಲಬುರ್ಗಾಕ್ಕೆ ಒಬ್ಬರು ಬೇಕಾಗಿದ್ದರು

ನಾಲ್ಕನೆಯ ದಿನ ಬೆಳಿಗ್ಗೆ ಯಲಬುರ್ಗಾಕ್ಕೆ ಹೊರಡುವ ಹೊತ್ತಿಗೆ ನನಗೆ ಮನುಷ್ಯರ ಮುಖ ನೋಡುವುದೇ ಸಾಕಾಗಿ ಹೋಗಿತ್ತು. ಮೂರು ದಿನಗಳಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ ಮುಗಿಸಿದ್ದೆವು. ದಿನಕ್ಕೆ ಹದಿನೈದು ಇಪ್ಪತ್ತು ಜನ ಬಂದು ನಮ್ಮೆದುರು ಕುಳಿತು, ತಮ್ಮ ಬಗ್ಗೆ ತಾವೇ ನಾಲ್ಕು ಒಳ್ಳೆಯ ಮಾತು ಹೇಳಿಕೊಂಡು ಎದ್ದು ಹೋಗಿದ್ದರು. ಎಲ್ಲರೂ ಕಷ್ಟಪಟ್ಟು ದುಡಿಯುವವರು, ಎಲ್ಲರೂ ಎಲ್ಲರೊಂದಿಗೆ ಹೊಂದಿಕೊಂಡು ಹೋಗುವವರು. ಹಾಗಿದ್ದರೆ ನಮ್ಮ ಜಿಲ್ಲೆ ಇಷ್ಟೊತ್ತಿಗೆ ಎಲ್ಲಿಯೋ ಇರಬೇಕಾಗಿತ್ತು ಎಂದು ಮನಸ್ಸಿನಲ್ಲೇ ಗೊಣಗಿಕೊಂಡು ಜೀಪು ಹತ್ತಿದೆ.

ನಮ್ಮದು ಬೀಜದ ಕಂಪನಿ. ರೈತರು ಬಲೆ ಹೊದಿಸಿ ಕಟ್ಟಿದ ನೆಟ್ ಹೌಸುಗಳಲ್ಲಿ ಟೊಮೆಟೊದ ಹೈಬ್ರಿಡ್ ಬೀಜ ಮಾಡಿಸುತ್ತೇವೆ. ನಾಲ್ಕು ತಾಲ್ಲೂಕಿಗೆ ನಾಲ್ವರು ಮೇಲ್ವಿಚಾರಕರು ಬೇಕಾಗಿತ್ತು. ಮೂವರು ಸಿಕ್ಕಿದ್ದರು. ನನ್ನ ನಿದ್ದೆಗೆಡಿಸಿದ್ದು ಯಲಬುರ್ಗಾ.

ಅದು ಯಾಕೆ ಎಂದು ಹೇಳಬೇಕಾದರೆ ಕೆಲಸದ ರೀತಿಯನ್ನು ಸ್ವಲ್ಪ ಹೇಳಬೇಕು. ಕ್ರಾಸಿಂಗ್ ಎನ್ನುತ್ತಾರೆ. ಸಂಜೆ ಹೆಂಗಸರು ಒಬ್ಬೊಬ್ಬರು ಒಂದೊಂದು ಸಾಲು ಹಿಡಿದು ಹೋಗಿ, ಮರುದಿನ ಅರಳಬೇಕಾದ ಮೊಗ್ಗನ್ನು ಚಿಮಟದಿಂದ ಬಿಡಿಸಿ, ಒಳಗಿನ ಗಂಡು ಭಾಗವನ್ನಷ್ಟೇ ಕಿತ್ತು ತೆಗೆಯುತ್ತಾರೆ. ನಡುವಿನ ಸೂಜಿಯಂಥ ಹೆಣ್ಣು ಭಾಗಕ್ಕೆ ಪೆಟ್ಟಾಗಬಾರದು. ಮರುದಿನ ಮುಂಜಾನೆ ಬೇರೆ ತಳಿಯ ಹೂವಿನ ಪುಡಿಯನ್ನು ಬೆರಳಿಗೆ ಹಾಕಿಕೊಂಡ ಪ್ಲಾಸ್ಟಿಕ್ ಉಂಗುರದ ಗುಳಿಯಲ್ಲಿ ತುಂಬಿಕೊಂಡು, ಆ ಸೂಜಿಯ ತುದಿಯನ್ನು ಅದರಲ್ಲಿ ಅದ್ದುತ್ತಾರೆ. ಅದ್ದಿದ ಗುರುತಿಗೆ ಹೂವಿನ ಬುಡದ ಹಸಿರು ಎಸಳುಗಳಲ್ಲಿ ಎರಡನ್ನು ಕತ್ತರಿಸುತ್ತಾರೆ. ಕಾಯಿ ಹಣ್ಣಾದಾಗ ಎಸಳು ಕತ್ತರಿಸಿದ್ದಷ್ಟೇ ನಮ್ಮದು, ಉಳಿದದ್ದು ಕಸ.

ಸಂಜೆ ಒಂದು ಮೊಗ್ಗು ಕಣ್ತಪ್ಪಿದರೆ ಅದು ಬೆಳಿಗ್ಗೆ ತಾನೇ ಅರಳಿ ತನ್ನ ಪುಡಿಯಿಂದಲೇ ಕಾಯಿ ಕಟ್ಟುತ್ತದೆ. ತಪ್ಪಿತೆಂದು ಒಪ್ಪಿಕೊಂಡು ಚಿವುಟಿ ಎಸೆದರೆ ಏನೂ ಆಗುವುದಿಲ್ಲ. ಬೈಸಿಕೊಳ್ಳುವ ಅಂಜಿಕೆಯಿಂದ ಅದರ ಎಸಳನ್ನೂ ಕತ್ತರಿಸಿಬಿಟ್ಟರೆ ಮಾತ್ರ ಯಾರ ಕಣ್ಣಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಎಷ್ಟೋ ತಿಂಗಳ ನಂತರ, ಆ ಬೀಜ ಬಿತ್ತಿ ಗಿಡ ಬೆಳೆಸಿ ಪರೀಕ್ಷೆ ಮಾಡಿದಾಗ. ಹೋದ ಹಂಗಾಮಿನಲ್ಲಿ ಯಲಬುರ್ಗಾದ ಬೀಜ ಹಾಗೆ ನಪಾಸಾಯಿತು. ಅಲ್ಲಿಯ ಮೇಲ್ವಿಚಾರಕನನ್ನು ಆರಿಸಿದವನು ನಾನೇ. ಸಂದರ್ಶನದಲ್ಲಿ ಅಷ್ಟು ಚೆಂದ ಮಾತಾಡಿದವರನ್ನು ನಾನು ಕಂಡಿರಲಿಲ್ಲ. ಆಮೇಲೆ ಗೊತ್ತಾಯಿತು, ಆ ಮನುಷ್ಯ ಬೈಕಿನಿಂದ ಇಳಿಯದೆ ಪ್ಲಾಟು ತಪಾಸಣೆ ಮಾಡುತ್ತಿದ್ದನಂತೆ. ಇನ್ನೊಂದು ವರ್ಷ ಹೀಗಾದರೆ ಯಲಬುರ್ಗಾದ ಕೆಲಸವನ್ನೇ ನಿಲ್ಲಿಸುತ್ತೇವೆ ಎಂದು ಹೈದರಾಬಾದಿನಿಂದ ಪತ್ರ ಬಂದಿತ್ತು. ನಿಲ್ಲಿಸಿದರೆ ಅಲ್ಲಿಯ ಹೆಂಗಸರಿಗೆ ಚಳಿಗಾಲದಲ್ಲಿ ಕೈಗೆ ಕೆಲಸ ಇರುವುದಿಲ್ಲ. ನನಗೆ ಅವರೆದುರು ಹೋಗಲು ಮುಖವಿರುವುದಿಲ್ಲ.

ಆದ್ದರಿಂದಲೇ ಈ ಸಲ ಮುಖ್ಯ ಕಚೇರಿಯಿಂದ ನೇಮಕಾತಿ ಅಧಿಕಾರಿಯಾಗಿ ಒಬ್ಬ ಮೇಡಂ ಬಂದಿದ್ದರು. ಮನೆಮಾತು ತೆಲುಗು, ಕನ್ನಡ ಕಲಿತದ್ದು ಕೆಲಸಕ್ಕಾಗಿ. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಆದರೆ ನನಗಿಂತ ಶಿಸ್ತಿನವರು. ಅವರ ಹತ್ತಿರ ಅಂಕಪಟ್ಟಿ ಇತ್ತು. ಉಡುಪು, ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದು, ಆತ್ಮವಿಶ್ವಾಸ, ಆಸಕ್ತಿ, ಕೆಲಸದ ತಿಳಿವಳಿಕೆ ಎಂದು ಐದು ಕಾಲಂ. ಮೊದಲನೆಯ ಸೂಚನೆ, ಅಭ್ಯರ್ಥಿಯ ಹೆಸರು ಕೇಳಿ ಮಾತು ಶುರು ಮಾಡಬೇಕು ಎಂದು. ಹೆಸರು ಕೇಳುವ ಕೆಲಸ ನನ್ನದಾಯಿತು.

ಆ ಪಟ್ಟಿ ಹಿಡಿದುಕೊಂಡು ಗಂಗಾವತಿಯಲ್ಲಿ ನಾನು ಪಟ್ಟ ಪಾಡು ಬೇಡ. ಸಾಣಾಪುರದ ಕೆರೆಯ ಹತ್ತಿರ ಪ್ರವಾಸಿಗರ ಹೋಂಸ್ಟೇ ಒಂದರಲ್ಲಿ ಕೆಲಸ ಮಾಡಿದವನೊಬ್ಬ ಬಂದಿದ್ದ. ಒಳಗೆ ಕಾಲಿಡುವಾಗಲೇ ನಮ್ಮಿಬ್ಬರಿಗೂ ಎದೆ ಮೇಲೆ ಕೈಯಿಟ್ಟು ಬಾಗಿದ. ಪ್ರಯಾಣ ಸುಖಕರವಾಗಿತ್ತೇ ಎಂದು ನಮ್ಮನ್ನೇ ಕೇಳಿದ. ನಾಲ್ಕು ಕಾಲಂನಲ್ಲಿ ಹತ್ತಕ್ಕೆ ಹತ್ತು. ಟೊಮೆಟೊ ಹೂವಿನ ಬಣ್ಣ ಏನು ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ಕೆಂಪು ಸರ್" ಎಂದ. ಮೇಡಂ ಬಾಯಿಗೆ ಕರವಸ್ತ್ರ ಹಿಡಿದುಕೊಂಡರು. ನಗಬೇಕೋ ಅಳಬೇಕೋ ತಿಳಿಯದೆ ನಾನು ನೀರು ಕುಡಿದೆ.

ಯಲಬುರ್ಗಾದಲ್ಲಿ ನಮಗೆ ಸಿಕ್ಕಿದ್ದು ಗೊಬ್ಬರದ ಅಂಗಡಿಯ ಮೇಲಿನ ಕೋಣೆ. ಯೂರಿಯಾ ವಾಸನೆ, ಕಿರುಗುಟ್ಟುವ ಫ್ಯಾನು. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಜನ ಮುಗಿದು ಇಬ್ಬರು ಉಳಿದರು. ಒಬ್ಬ ಕೃಷಿ ಪದವೀಧರ, ಇನ್ನೊಬ್ಬರು ತಳಕಲ್ಲಿನ ಹೆಣ್ಣುಮಗಳು. ಪದವೀಧರ ಮೊದಲು ಬಂದ. ಪುಸ್ತಕದಲ್ಲಿ ಇದ್ದದ್ದನ್ನೆಲ್ಲ ಸರಿಯಾಗಿ ಹೇಳಿದ, ಒಳ್ಳೆಯ ಅಂಕ ತೆಗೆದುಕೊಂಡು ಹೊರಗೆ ಹೋಗಿ ಬೆಂಚಿನ ಮೇಲೆ ಕುಳಿತ.

ಆಮೇಲೆ ಆಕೆ ಬಂದರು. ಅಷ್ಟು ಜನರಲ್ಲಿ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಬಂದವರು ಆಕೆಯೊಬ್ಬರೇ. ನೋಡಿದ ಕೂಡಲೇ ನನಗೆ ಗುರುತು ಹತ್ತಿತು, ಹತ್ತಿ ಎದೆ ಹಗುರಾಯಿತು. ತಳಕಲ್ಲಿನ ಗುಂಪಿನಲ್ಲಿ ಒಂಬತ್ತು ಹಂಗಾಮಿನಿಂದ ಕೆಲಸ ಮಾಡುತ್ತಿರುವವರು. ನಾನು ಕಂಡ ಕೈಗಳಲ್ಲಿ ಅತ್ಯಂತ ಸ್ವಚ್ಛವಾದ ಕೈ ಅವರದು. ಹೋದ ವರ್ಷ ಇಡೀ ತಾಲ್ಲೂಕಿನ ಬೀಜ ನಪಾಸಾದಾಗಲೂ ಅವರಿದ್ದ ಪ್ಲಾಟಿನದು ಪಾಸಾಗಿತ್ತು. ಇವರಿಗೆ ಅರ್ಜಿ ಹಾಕಿ ಎಂದು ಹೇಳುವ ಬುದ್ಧಿ ನನಗೆ ಬರಲಿಲ್ಲವಲ್ಲ, ತಾವಾಗಿಯೇ ಬಂದರಲ್ಲ ಎಂದು ಖುಷಿಯಾಯಿತು.

"ಕುಳಿತುಕೊಳ್ಳಿ" ಎಂದರು ಮೇಡಂ.

"ಇರ್ಲಿ ಬಿಡ್ರಿ."

"ಪರವಾಗಿಲ್ಲ, ಕುಳಿತುಕೊಳ್ಳಿ."

"ನಿಂತೀನಲ್ರಿ."

ಮೂರನೆಯ ಸಲ ಹೇಳಿದ ಮೇಲೆ ಕುರ್ಚಿಯ ತುದಿಗೆ ಕುಳಿತರು. ನಾನು ಅರ್ಜಿಯ ಕಟ್ಟು ತಿರುವುತ್ತ, ನಾಲ್ಕು ದಿನದಿಂದ ಎಲ್ಲರಿಗೂ ಕೇಳಿದ ಅದೇ ದನಿಯಲ್ಲಿ ಕೇಳಿದೆ.

"ನಿಮ್ಮ ಹೆಸರೇನ್ರಿ?"

ಉತ್ತರ ಬರಲು ತಡವಾಯಿತು. ತಲೆ ಎತ್ತಿದೆ. ಆಕೆ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಮೇಡಂ ಕಡೆಗೆ ತಿರುಗಿ, ಮೇಡಮ್ಮಿಗೆ ಹೆಸರು ಹೇಳಿದರು. ನಾನು ಅಂಕಪಟ್ಟಿಯಲ್ಲಿ ಸರಿ ಗುರುತು ಹಾಕಿ ಮುಂದಕ್ಕೆ ಹೋದೆ.

"ನಿಮ್ಮಲ್ಲಿರುವ ವಿಶೇಷ ಗುಣ ಯಾವುದು? ಬೇರೆಯವರಿಗಿಂತ ನೀವು ಯಾವುದರಲ್ಲಿ ಮುಂದೆ?" ಮೇಡಂ ಕೇಳಿದರು.

"ಅಂಥಾದ್ದೇನಿಲ್ರಿ. ಎಲ್ಲಾರ್ಹಂಗ ಮಾಡ್ತೀನ್ರಿ."

ಆತ್ಮವಿಶ್ವಾಸಕ್ಕೆ ಮೂರು ಅಂಕ ಬಿತ್ತು. ನಾನು ಅವಸರದಿಂದ ಕೆಲಸದ ಪ್ರಶ್ನೆಗೆ ಬಂದೆ. ಮೊಗ್ಗಿಗೆ ಹೊತ್ತು ಮೀರಿದೆ ಎಂದು ಹೇಗೆ ತಿಳಿಯುತ್ತದೆ ಎಂದು ಕೇಳಿದೆ.

"ಬಣ್ಣ ಹೇಳ್ತೈತ್ರಿ. ತಿಳಿ ಇದ್ರ ಬಿಡಸಬೇಕು. ಪೂರಾ ಹಳದಿ ತಿರುಗಿತ್ತಂದ್ರ ಒಳಗ ಪುಡಿ ಒಡದಿರ್ತೈತಿ. ಆಗ ಎಷ್ಟ ಹಗೂರ ಬಿಡಿಸಿದ್ರೂ ಉಪಯೋಗಿಲ್ರಿ. ಚಿವುಟಿ ಒಗದ್ರ ಛಲೋ."

"ಸಾಲಿನವರು ಬಿಟ್ಟ ಮೊಗ್ಗು ಮುಚ್ಚಿಟ್ಟರೆ?"

"ಬೈದ್ರ ಮುಚ್ಚಿಡ್ತಾರ್ರಿ. ಬೈಲಿಲ್ಲಂದ್ರ ಅವರ ಹೇಳ್ತಾರ."

ಇಷ್ಟು ದಿನ ನಾನು ಕಾಯುತ್ತಿದ್ದ ಉತ್ತರ ಇದೇ. ಕೊನೆಯ ಕಾಲಂ ತುಂಬಿಸಿದೆ. ಆದರೆ ಮೇಡಮ್ಮಿನ ಕೊನೆಯ ಪ್ರಶ್ನೆ ಉಳಿದಿತ್ತು.

"ಈ ಕೆಲಸ ನಿಮಗೆ ನಿಜವಾಗಿಯೂ ಬೇಕಾ?"

"ಬ್ಯಾಡ್ರಿ ಮೇಡಂ," ಎಂದರು ಆಕೆ. "ಹೊರಗ ಕುಂತಾರಲ್ರಿ, ಕಲ್ತವ್ರು ಅದಾರ. ಅವ್ರಿಗೇ ಕೊಡ್ರಿ."

ಹೇಳಿ ಎದ್ದರು, ಇಬ್ಬರಿಗೂ ಕೈ ಮುಗಿದರು, ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದರು. ಮೇಡಂ ಆಸಕ್ತಿಯ ಕಾಲಂನಲ್ಲಿ ಸೊನ್ನೆ ಬರೆದರು.

"ಅದು ಬ್ಯಾಡ ಅಲ್ರಿ ಮೇಡಂ" ಎಂದೆ ನಾನು.

"ಸರ್, ಬೇಡ ಅಂತಲೇ ಹೇಳಿದರು. ನನಗೆ ಅಷ್ಟು ಕನ್ನಡ ಬರುತ್ತದೆ."

ನಾನು ತಿಳಿಹೇಳಲು ಕುಳಿತೆ. ನಮ್ಮ ಕಡೆ ಊಟಕ್ಕೆ ಏಳಿ ಎಂದರೆ ಹಸಿದವರೂ ಮೊದಲು 'ಆಗೇತ್ರಿ' ಎನ್ನುತ್ತಾರೆ. ಚಹಾ ಕೊಟ್ಟರೆ ಬೇಡ ಎನ್ನುತ್ತಾರೆ. ಕೇಳಿದ ತಕ್ಷಣ ಹೂಂ ಎಂದುಬಿಟ್ಟರೆ ಆಸೆಬುರುಕರು ಅನ್ನಿಸಿಕೊಳ್ಳುತ್ತಾರೆ. ನೀವೇ ನೋಡಿದಿರಲ್ಲ, ಕುರ್ಚಿಯ ಮೇಲೆ ಕೂರಲಿಕ್ಕೇ ಮೂರು ಸಲ ಹೇಳಬೇಕಾಯಿತು. ಮೊದಲನೆಯ ಬೇಡ ಎನ್ನುವುದು ಮರ್ಯಾದೆಯ ಮಾತು, ಅಷ್ಟೇ.

ಮೇಡಂ ಪೆನ್ನು ಕೆಳಗಿಟ್ಟು ಕೇಳಿದರು. "ಹಾಗಾದರೆ ನಿಜವಾಗಿಯೂ ಬೇಡ ಅನ್ನುವವರು ಏನು ಹೇಳುತ್ತಾರೆ?"

"ಅವರೂ ಬ್ಯಾಡ ಅಂತಾರ್ರಿ."

"ಮತ್ತೆ ನನಗೆ ಗೊತ್ತಾಗುವುದು ಹೇಗೆ?"

"ಮೂರು ಸಲ ಕೇಳಬೇಕ್ರಿ."

ಅವರು ನಕ್ಕರು. ನನ್ನ ಮೇಲೆ ಕರುಣೆಯೂ ಬಂದಿರಬೇಕು. ಎರಡು ದಿನ ಸಮಯ ಕೊಡುತ್ತೇನೆ, ಅಷ್ಟರಲ್ಲಿ ಅವರೇ ಬೇಕು ಎಂದರೆ ಸೊನ್ನೆ ತಿದ್ದುತ್ತೇನೆ, ಇಲ್ಲದಿದ್ದರೆ ಪದವೀಧರನಿಗೆ ಆದೇಶ ಹೋಗುತ್ತದೆ ಎಂದರು. ಅವರು ಅವಸರಪಡಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಒಂದೆರಡು ಪ್ಲಾಟುಗಳಲ್ಲಿ ಆಗಲೇ ಹೂವು ಬಿಟ್ಟು ಕ್ರಾಸಿಂಗ್ ಶುರುವಾಗಿತ್ತು.

ಆ ಸಂಜೆ ಪದವೀಧರನನ್ನು ಹತ್ತಿರದ ಒಂದು ನೆಟ್ ಹೌಸಿಗೆ ಕರೆದುಕೊಂಡು ಹೋದೆ. ಒಂದು ಸಾಲು ತೋರಿಸಿ ತಪಾಸಣೆ ಮಾಡಿ ಎಂದೆ. ಪಾಪ, ಶ್ರದ್ಧೆಯಿಂದಲೇ ಮಾಡಿದ. ಗಿಡಗಳನ್ನು ಎಣಿಸಿದ, ಎಲೆಯ ರೋಗ ನೋಡಿದ, ನೀರಿನ ಪೈಪು ನೋಡಿದ, ಎಲ್ಲ ಸರಿಯಿದೆ ಎಂದ. ಆ ಸಾಲಿನಲ್ಲಿ ಬಿಟ್ಟುಹೋದ ಮೊಗ್ಗು ನಾಲ್ಕಿದ್ದವು. ತೋರಿಸಿದಾಗ ಸಾಲಿನ ಹೆಂಗಸಿಗೆ ಗದರಿದ. ಆಕೆ ಸೆರಗು ಎಳೆದುಕೊಂಡು ಮುಂದಿನ ಗಿಡಕ್ಕೆ ಸರಿದಳು. ನಾಳೆಯಿಂದ ಈಕೆ ಮುಚ್ಚಿಡುತ್ತಾಳೆ ಎಂದು ನನಗೆ ಅಲ್ಲೇ ಖಾತ್ರಿಯಾಯಿತು. ಎರಡು ವರ್ಷ ಪಳಗಿದರೆ ಒಳ್ಳೆಯ ಮೇಲ್ವಿಚಾರಕನಾಗುತ್ತಾನೆ, ಆದರೆ ನನ್ನ ಹತ್ತಿರ ಎರಡು ವರ್ಷ ಇರಲಿಲ್ಲ.

ಮರುದಿನ ಅರ್ಜಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ.

"ನಿನ್ನಿನ ಹೇಳೀನಲ್ರಿ ಸಾಹೇಬ್ರ. ಬ್ಯಾಡ್ರಿ."

"ಮೇಡಂ ನಿಮ್ಮ ಮಾತು ಭಾಳ ಮೆಚ್ಚ್ಯಾರ್ರಿ" ಎಂದು ಸುಳ್ಳು ಸೇರಿಸಿದೆ.

"ಮೆಚ್ಚಲಿ ಬಿಡ್ರಿ" ಎಂದು ಫೋನ್ ಇಟ್ಟುಬಿಟ್ಟರು. ಎರಡನೆಯ ಸಲ ಮುಗಿಯಿತು ಎಂದು ಲೆಕ್ಕ ಹಾಕಿಕೊಂಡೆ. ದನಿ ಒಣಗಿದಂತಿತ್ತು ಎನ್ನುವುದು ಗಮನಕ್ಕೆ ಬಂದಿತ್ತು, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಅದರ ಮರುದಿನ ನಸುಕಿನಲ್ಲೇ ಕುಷ್ಟಗಿಯ ಮನೆಯಿಂದ ಹೊರಟೆ. ಜೀಪು ಮೇಡಂ ಜೊತೆ ಕೊಪ್ಪಳಕ್ಕೆ ಹೋಗಿತ್ತು. ನನ್ನ ಹಳೆಯ ಬೈಕು, ನನ್ನ ಹಳೆಯ ಮೊಣಕಾಲು. ಯಲಬುರ್ಗಾ, ಕುಕನೂರು ದಾಟಿ ತಳಕಲ್ ಮುಟ್ಟುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತ್ತು. ಊರ ಹೊರಗಿನ ನೆಟ್ ಹೌಸಿನಲ್ಲಿ ಹೆಂಗಸರು ಆಗಲೇ ಸಾಲು ಹಿಡಿದಿದ್ದರು. ಎರಡು ಪರದೆ ಸರಿಸಿ ಒಳಗೆ ಹೋದೆ. ಆಕೆ ನಡುವಿನ ಸಾಲಿನಲ್ಲಿ ನನಗೆ ಬೆನ್ನು ಮಾಡಿ ನಿಂತಿದ್ದರು.

"ಯಕ್ಕಾ" ಎಂದೆ.

ಏಳೆಂಟು ಜನ ತಿರುಗಿ ನೋಡಿದರು. ಆಕೆಯೊಬ್ಬರೇ ತಿರುಗಲಿಲ್ಲ.

ನಮ್ಮ ಕಡೆ ಅದೊಂದು ಅನುಕೂಲ. ಹೊಲದಲ್ಲಿ ದುಡಿಯುವ ಹೆಣ್ಣುಮಗಳನ್ನು ಯಕ್ಕಾ ಎಂದರೆ ಸಾಕು. ಕೇಳಿಸಿಕೊಂಡವರಿಗೆ ಹಿತ, ಕರೆದವರಿಗೆ ಸಭ್ಯ ಎಂಬ ಹೆಸರು. ಕಚೇರಿಯ ಇತರರು ಏ, ಬಾರ, ಹೋಗ ಎನ್ನುವಾಗ ನಾನು ಎಲ್ಲರಿಗೂ ಯಕ್ಕಾ ಎನ್ನುತ್ತಿದ್ದೆ. ಆ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಸಾಲಿನೊಳಗೆ ಇಳಿದು ಅವರ ಹಿಂದೆ ನಿಂತೆ. ಅವರು ಕೆಲಸ ನಿಲ್ಲಿಸಲಿಲ್ಲ. ನಿಲ್ಲಿಸುವಂತೆಯೂ ಇರಲಿಲ್ಲ. ಬಿಸಿಲೇರಿದರೆ ಪುಡಿ ಕೆಡುತ್ತದೆ. ಹೂವು ಹಿಡಿದು, ಉಂಗುರಕ್ಕೆ ಅದ್ದಿ, ಎರಡು ಎಸಳು ಕತ್ತರಿಸಿ ಮುಂದಿನ ಗಿಡಕ್ಕೆ ಸರಿಯುತ್ತಿದ್ದರು. ನಾನೂ ಒಂದೊಂದೇ ಹೆಜ್ಜೆ ಸರಿಯುತ್ತ ಅವರ ಬೆನ್ನಿಗೆ ಮಾತಾಡಿದೆ. ಯಲಬುರ್ಗಾ ಉಳಿಯಬೇಕಾದರೆ ನೀವೇ ಬೇಕು ಎಂದೆ. ಇವತ್ತು ಸಂಜೆಯೊಳಗೆ ಹೇಳಬೇಕು ಎಂದೆ. ಸಂಕೋಚ ಬಿಡಿ, ಮರ್ಯಾದೆಗೆ ಬೇಡ ಎಂದದ್ದು ನನಗೆ ಗೊತ್ತಾಗುತ್ತದೆ ಎಂದೆ.

"ಮರ್ಯಾದಿಗೆ ಅಂದಿಲ್ರಿ," ಎಂದರು. ಕೈ ನಿಂತಿರಲಿಲ್ಲ. "ಬ್ಯಾಡ ಅಂತನ ಬ್ಯಾಡ ಅಂದೀನಿ."

"ಬ್ಯಾಡಂದ್ರ ಅರ್ಜಿ ಯಾಕ ಹಾಕಿದ್ರಿ?"

"ಬೇಕಂತ ಹಾಕಿದ್ದೆ. ಮನ್ಯಾಗ ಹದಿನೈದು ದಿನ ಮಾತಾಡಿ ಎಲ್ಲಾರ್ನೂ ಒಪ್ಪಿಸಿದ್ದೆ. ಅತ್ತಿ, ನಮ್ಮ ಮನಿಯವ್ರು, ಯಾರೂ ಮೊದ್ಲ ಹೂಂ ಅಂದಿರ್ಲಿಲ್ಲ." ಮುಂದಿನ ಗಿಡಕ್ಕೆ ಸರಿದರು. "ಸಾಹೇಬ್ರು ನನ್ನ ಕೆಲಸ ಬಲ್ಲರು, ನನ್ನ ಬಲ್ಲರು ಅಂತ ಹೇಳಿದ್ದೆ."

"ಬಲ್ಲೆನಲ್ರಿ."

ಆಗ ತಿರುಗಿದರು. ಸಿಟ್ಟು ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಸಿಟ್ಟಿರಲಿಲ್ಲ, ದಣಿವಿತ್ತು.

"ನಿಮಗ ಶುಗರ್ ಐತಿ ಅನ್ನೋದು ನನಗ ಗೊತ್ತೈತ್ರಿ. ಒಂಬತ್ತು ವರ್ಷ ನಿಮಗ ಸಕ್ರಿ ಇಲ್ಲದ ಚಾ ಬ್ಯಾರೆ ಸೋಸಿ ಇಡಾಕಿ ನಾನ. ನಿಮ್ಮ ಮಗಳು ನರ್ಸಿಂಗ್ ಓದಾಕ ಹೋಗ್ಯಾಳ, ನಿಮಗ ಬಲಗಾಲು ನೋಯ್ತೈತಿ, ಗೊತ್ತೈತಿ. ಅವತ್ತ ಆ ಕೋಣ್ಯಾಗ ನೀವು ನನ್ನ ಹೆಸರು ಕೇಳಿದ್ರಿ. ಮೇಡಂ ಕೇಳಿದ್ರ ನನಗೇನೂ ಅನಸ್ತಿರಲಿಲ್ಲ. ನೀವು ಕೇಳಿದ್ರಿ. ನಿಮಗ ಖರೇನ ಗೊತ್ತಿದ್ದಿಲ್ಲೇನ್ರಿ?"

ಆಚೀಚೆಯ ಸಾಲುಗಳಲ್ಲಿ ಕತ್ತರಿಯ ಸದ್ದು ನಿಂತಿತು.

ಹೇಳಲು ನನ್ನ ಹತ್ತಿರ ಮಾತಿತ್ತು. ಕಂಪನಿಯ ಸೂಚನೆ ಹಾಗಿದೆ, ಪರಿಚಯದವರಾದರೂ ಎಲ್ಲರಿಗೂ ಹೆಸರು ಕೇಳಿಯೇ ಶುರು ಮಾಡಬೇಕು, ಬೇಕಾದರೆ ಕಾಗದ ತೋರಿಸುತ್ತೇನೆ ಎನ್ನಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಹೇಳಿದ್ದರೆ ಆಕೆಯ ಮನಸ್ಸು ತಿಳಿಯಾಗಬಹುದಿತ್ತು, ಯಲಬುರ್ಗಾ ಉಳಿಯಬಹುದಿತ್ತು, ನಾನು ಕುಷ್ಟಗಿಗೆ ಹೋಗಿ ಮಲಗಬಹುದಿತ್ತು. ಮಾತು ತುಟಿಯ ತನಕ ಬಂತು. ನಾಲ್ಕು ದಿನ ಜನ ನನ್ನೆದುರು ಚೆಂದ ಕಾಣಲಿಕ್ಕೆ ಹೆಣಗಿದ್ದನ್ನು ನೋಡಿ ನೋಡಿ ಸುಸ್ತಾಗಿ ಬಂದವನಿಗೆ, ಈಗ ಅದೇ ಕೆಲಸವನ್ನು ನಾನೂ ಮಾಡಲಿಕ್ಕೆ ಹೊರಟಿದ್ದೇನೆ ಎನ್ನಿಸಿ ನಾಚಿಕೆಯಾಯಿತು.

"ಗೊತ್ತಿದ್ದಿಲ್ರಿ" ಎಂದೆ. "ಒಂಬತ್ತು ವರ್ಷ ಯಕ್ಕಾ ಅಂತನ ಕರದೆ. ಅವತ್ತ ನೀವು ಹೆಸರು ಹೇಳಿದಾಗನೂ ನಾ ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ. ನಿನ್ನಿ ಫೋನ್ ಹಚ್ಚೂಮುಂದ ಅರ್ಜಿ ನೋಡಿ ಓದಿಕೊಂಡೆ."

ಆಕೆ ನನ್ನನ್ನು ನೋಡುತ್ತ ನಿಂತರು. ನನಗೆ ಕಣ್ಣಲ್ಲಿ ಕಣ್ಣಿಟ್ಟು ನಿಲ್ಲಲಾಗಲಿಲ್ಲ.

"ಫಾರಂದಾಗ ಹಂಗ ಐತಿ, ಎಲ್ಲಾರ್ಗೂ ಕೇಳಬೇಕು ಅಂತೀರಿ ಅನ್ಕೊಂಡಿದ್ದೆ" ಎಂದರು.

"ಅನ್ನಬೇಕು ಅಂತ ಬಾಯಿಗೆ ಬಂದಿತ್ರಿ."

"ಅಂದಿದ್ರ, ಹೋಗಿ ಬರ್ರಿ ಅಂತಿದ್ದೆ."

ತಿರುಗಿ ಮತ್ತೆ ಹೂವು ಹಿಡಿದರು. ಒಂದು ಗಿಡ, ಎರಡು ಗಿಡ. ನಾನು ಮೂರನೆಯ ಸಲ ಕೇಳಿದೆ.

"ನೀಲವ್ವನವರ, ಯಲಬುರ್ಗಾದ ಕೆಲಸ ನೀವು ನೋಡ್ಕೋತೀರೇನ್ರಿ?"

ಆಕೆಯ ಸಾಲಿನಲ್ಲಿ ಇನ್ನೂ ಏಳೆಂಟು ಗಿಡ ಉಳಿದಿದ್ದವು. ಅವಸರ ಮಾಡದೆ ಅಷ್ಟನ್ನೂ ಮುಗಿಸಿದರು. ನಾನು ಹಿಂದೆ ಹಿಂದೆ ಹೋಗಿ ಪರದೆಯ ಹತ್ತಿರ ನಿಂತೆ. ಕಾಲು ನೋಯುತ್ತಿತ್ತು, ಅದನ್ನು ತೋರಿಸಿಕೊಳ್ಳಲು ಧೈರ್ಯವಾಗಲಿಲ್ಲ. ಆಕೆ ಬೆರಳಿನ ಉಂಗುರ ತೆಗೆದು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದರು. ಆಮೇಲೆ ಮೂರನೆಯ ಸಾಲಿನ ಕಡೆಗೆ ಕೊರಳೆತ್ತಿದರು.

"ರೇಣವ್ವಾ, ನಿನ್ನಿ ಸಂಜಿ ಎಷ್ಟ ಮೊಗ್ಗ ಬಿಟ್ಟಿದ್ದಿ ಯವ್ವಾ? ಖರೇ ಹೇಳು."

ಸಾಹೇಬ ನಿಂತಿದ್ದಾನೆ, ಹೇಗೆ ಹೇಳಿಯಾಳು ಎಂದುಕೊಂಡೆ.

"ಮೂರು" ಎಂದಿತು ಒಂದು ಸಣ್ಣ ದನಿ.

"ಚಿವುಟಿ ಒಗಿ. ಮುಂದ ನಡಿ."

ನೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡು ನಾಲ್ಕನೆಯ ಸಾಲಿಗೆ ಇಳಿದರು. ಅದು ಅವರ ಸಾಲಲ್ಲ. ಅಲ್ಲಿದ್ದವಳ ಪಕ್ಕ ಬಾಗಿ, ಗಿಡದ ಬುಡದಿಂದ ಮೇಲಕ್ಕೆ ಒಂದೊಂದೇ ಹೂವು ತಿರುಗಿಸಿ ನೋಡತೊಡಗಿದರು. ನಾನು ಹೊರಗೆ ಬಂದು ಬೈಕಿಗೆ ಒರಗಿ ಫೋನ್ ತೆಗೆದೆ.

"ಏನಂದರು ಸರ್?" ಮೇಡಂ ಕೇಳಿದರು. "ಒಪ್ಪಿಕೊಂಡರಾ?"

"ಒಪ್ಪೀನಿ ಅಂತ ಏನೂ ಹೇಳಲಿಲ್ರಿ," ಎಂದೆ. "ಕೆಲಸಕ್ಕ ಹತ್ತ್ಯಾರ."